ಆಯಿ, ನೀ ಯಾಕ ಹೇಳಲಿಲ್ಲ?

34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಒಂದು ಬೆರಳು ಎತ್ತಿದರೆ ಒಂದಕ್ಕೆ, ಎರಡು ಬೆರಳು ಎತ್ತಿದರೆ ಎರಡಕ್ಕೆ. ಅ ಆ ಇ ಈ ಕಲಿಸುವ ಮೊದಲೇ ನಾನು ಮಕ್ಕಳಿಗೆ ಕಲಿಸುತ್ತಿದ್ದ ಭಾಷೆ ಇದು. ಕಳೆದ ಬೇಸಿಗೆ ರಜೆಯಲ್ಲಿ, ಯಲ್ಲಾಪುರ ದಾಟಿದ ಕತ್ತಲೆಯಲ್ಲಿ, ಓಡುವ ಬಸ್ಸಿನೊಳಗೆ ಬೆರಳೆತ್ತುವ ಸರದಿ ನನ್ನದಾಯಿತು. ನಾನು ಎತ್ತಲಿಲ್ಲ. ಆ ತಪ್ಪಿನ ಕತೆಯನ್ನೇ ಇವತ್ತು ಹೇಳುತ್ತೇನೆ. ಮಕ್ಕಳು ಓದಲಿ. ನನ್ನ ವಯಸ್ಸಿನವರು ಇನ್ನೂ ಗಮನವಿಟ್ಟು ಓದಲಿ.

ಬೆನ್ನಿಗೊಂದು ಚೀಲ

ನಮ್ಮೂರು ಗದಗ ಜಿಲ್ಲೆಯ ಮುಳಗುಂದ. ಗದಗಿನಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ನಯಸೇನ ಕವಿ 1112ರಲ್ಲಿ ‘ಧರ್ಮಾಮೃತ’ ಬರೆದದ್ದು ನಮ್ಮೂರಲ್ಲೇ. ಕರಿ ಎರೆಮಣ್ಣು, ಜೋಳ, ಕಡಲೆ, ಶೇಂಗಾ, ಎತ್ತ ನೋಡಿದರೂ ಬಯಲು. ಸಮುದ್ರ ಮಾತ್ರ ಇಲ್ಲ.

ನನ್ನ ಮೊಮ್ಮಗಳಿಗೆ 12 ವರ್ಷ, ಏಳನೆಯ ತರಗತಿಗೆ ಕಾಲಿಡುವವಳು. ‘ಆಯಿ, ಸಮುದ್ರ ನೋಡೇ ಇಲ್ಲ ನಾ’ ಎಂದು ಪರೀಕ್ಷೆ ಮುಗಿದ ದಿನದಿಂದ ಶುರು ಮಾಡಿದಳು. ಮಗ ಸೊಸೆಗೆ ರಜೆ ಇಲ್ಲ. ‘ನಾನs ಕರಕೊಂಡು ಹೋಗತೇನಿ’ ಎಂದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ನಮ್ಮಂಥವರಿಗೆ ರಾಜ್ಯದೊಳಗೆ ವೇಗದೂತ ಬಸ್ಸಿನಲ್ಲೂ ಶೂನ್ಯ ಟಿಕೆಟ್. ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ರಾತ್ರಿ ಬಸ್ಸು ಹಿಡಿದು, ಕಲಘಟಗಿ, ಯಲ್ಲಾಪುರ, ಅಂಕೋಲಾ ಮೇಲಿಂದ ಮುಂಜಾನೆ ಮಂಗಳೂರು. ಇದು ನಮ್ಮ ಲೆಕ್ಕ. ರಾತ್ರಿ ಬಸ್ಸಿನಲ್ಲೇ ನಿದ್ದೆಯಾದರೆ ಲಾಡ್ಜಿನ ದುಡ್ಡೂ ಉಳಿಯಿತಲ್ಲ!

ನಾನು ಹೊರಡುವ ರೀತಿ ಹಳೆಯದು. ಒಂದು ಸೂಟ್‌ಕೇಸು, ಒಂದು ವೈರಿನ ಬುಟ್ಟಿ, ಒಂದು ಬುತ್ತಿಯ ಗಂಟು. ಮೊಮ್ಮಗಳು ಸೊಂಟದ ಮೇಲೆ ಕೈ ಇಟ್ಟು ನಿಂತಳು.

‘ಆಯಿ, ಬೆನ್ನಿಗೆ ಹಾಕ್ಕೊಳ್ಳಾಕ ಆಗಲಾರದ್ದು ಒಂದೂ ಬ್ಯಾಡ. ಕೈ ಖಾಲಿ ಇರಬೇಕು. ಬಸ್ ಹತ್ತುವಾಗ ಕಂಬಿ ಹಿಡೀಬೇಕಲ್ಲ?’

ಮಾತು ನಿಜವೇ. ನಮ್ಮ ಕಡೆಯಿಂದ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವವರು ಬೇರೆ ಏನು ಮಾಡುತ್ತಾರೆ? ಹೆಗಲಿಗೊಂದು ಗಂಟು, ಕೈಯಲ್ಲೊಂದು ಕೋಲು. ಶಾಲೆ ಚೀಲದ ಬಗ್ಗೆ ಕೇಂದ್ರ ಸರಕಾರ 2020ರಲ್ಲಿ ಮಾಡಿದ ನೀತಿಯಲ್ಲಿ ಒಂದು ಮಾತಿದೆ: ಮಗುವಿನ ತೂಕದ ಹತ್ತರಲ್ಲೊಂದು ಪಾಲಿಗಿಂತ ಚೀಲ ಭಾರ ಇರಬಾರದು. ಆ ಲೆಕ್ಕ ಹಿಡಿದು ನನ್ನ ಚೀಲ 5 ಕಿಲೊ, ಅವಳದು 3 ಕಿಲೊ ಎಂದು ನಿಗದಿಯಾಯಿತು. ಅಂಗಡಿಯ ತಕ್ಕಡಿಯಲ್ಲಿ ತೂಗಿಯೂ ಬಂದಳು.

ಅವಳ ಹತ್ತಿರ ಒಂದು ಸಣ್ಣ ನೋಟುಪುಸ್ತಕ ಇತ್ತು. ಮೇಲೆ ‘ಪ್ರವಾಸ’ ಎಂದು ದೊಡ್ಡದಾಗಿ ಬರೆದಿದ್ದಳು. ಒಳಗೆ ಪಟ್ಟಿ: ಬ್ಯಾಟರಿ 1, ಸೋಪು 1, ತೆಳು ಚಾದರ 1, ಓಆರ್‌ಎಸ್ ಪುಡಿ 2. ನಂತರ ನನ್ನ ಮುಂದೆ ಕೂತು, ‘ಆಯಿ, ನಿನ್ನ ಗುಳಿಗಿ ಹೆಸರ ಹೇಳು’ ಎಂದಳು. ‘ಬಿಳಿ ಗುಳಿಗಿ, ಸಣ್ಣದು, ಬಿಪಿದು’ ಎಂದೆ. ಅವಳು ಚೀಟಿ ತೆಗೆದು ಅಕ್ಷರ ಅಕ್ಷರ ನೋಡಿ ಹೆಸರು, ಮಿಲಿಗ್ರಾಂ, ಹೊತ್ತು ಎಲ್ಲ ಬರೆದುಕೊಂಡಳು. ನಾನು ನಕ್ಕೆ. ‘ಡಾಕ್ಟರ್ ಆಗಾಕಿ ಏನ ನೀ?’ ಆ ನಗು ನನಗೆ ಅರ್ಧ ದಿನವೂ ಉಳಿಯಲಿಲ್ಲ.

ನಾನೇ ಕಟ್ಟಿದ ಬುತ್ತಿ

‘ಹೊರಗಿನದು ಏನೂ ತಿನ್ನಬ್ಯಾಡ’ ಎಂದು ಅವಳಿಗೆ ಹತ್ತು ಸಲ ಹೇಳಿದ್ದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಪುಡಿ ಕಟ್ಟಿದ್ದೆ. ಅಷ್ಟಕ್ಕೇ ನಿಲ್ಲಬೇಕಿತ್ತು. ಕೈ ಕೇಳಬೇಕಲ್ಲ. ಮುಂಜಾನೆ 9ಕ್ಕೆ ಚಿತ್ರಾನ್ನ ಮಾಡಿ, ಬಿಸಿಬಿಸಿ ಇದ್ದಾಗಲೇ ಸ್ಟೀಲಿನ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದೆ. ಮೇ ತಿಂಗಳ ಬಿಸಿಲು. ಆ ಡಬ್ಬಿ ಮುಳಗುಂದದಿಂದ ಗದಗಿಗೆ, ಗದಗಿನಿಂದ ಹುಬ್ಬಳ್ಳಿಗೆ ನನ್ನ ಬೆನ್ನ ಮೇಲೆ ಬೆಚ್ಚಗೆ ಪ್ರಯಾಣ ಮಾಡಿತು.

ರಾತ್ರಿ 8ಕ್ಕೆ ಹುಬ್ಬಳ್ಳಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಊಟ. ಮೊಮ್ಮಗಳು ರೊಟ್ಟಿ, ಚಟ್ನಿ ತಿಂದಳು. ಚಿತ್ರಾನ್ನ ಅವಳಿಗೆ ಸೇರುವುದಿಲ್ಲ. ‘ಅನ್ನ ಚೆಲ್ಲಬಾರದು’ ಎಂದು ನಾನೇ ಎಲ್ಲ ತಿಂದೆ. ರುಚಿ ಕೆಟ್ಟಿರಲಿಲ್ಲ, ವಾಸನೆಯೂ ಇರಲಿಲ್ಲ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಗದಗು ಬಿಟ್ಟ ಮೇಲೆ ನಾನು ಒಂದು ಗುಟುಕು ನೀರು ಕುಡಿದಿರಲಿಲ್ಲ. ರಾತ್ರಿ ಬಸ್ಸಿನಲ್ಲಿ ಒಂದಕ್ಕೆ ಬಂದರೆ ಏನು ಮಾಡುವುದು? ಈ ಭಯ ಯಾವ ಹೆಣ್ಣುಮಗಳಿಗೆ ಇಲ್ಲ ಹೇಳಿ? ನನ್ನ ತಾಯಿ ಹೀಗೇ ಮಾಡುತ್ತಿದ್ದಳು, ನಾನೂ ಮಾಡಿದೆ. ಒಂದು ಲೀಟರಿನ ನನ್ನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಚೀಲದಲ್ಲಿತ್ತು.

9ಕ್ಕೆ ಬಸ್ಸು ಹೊರಟಿತು. ಜಾಗ ಸಿಕ್ಕಿದ್ದು ಹಿಂದಿನ ಚಕ್ರದ ಮೇಲೆ. ಕಲಘಟಗಿ ದಾಟುವ ಹೊತ್ತಿಗೆ ಮೊಮ್ಮಗಳು ನನ್ನ ತೋಳಿಗೆ ಒರಗಿ ನಿದ್ದೆಹೋದಳು. ಕಿರವತ್ತಿ ಬಂದಾಗ ನನಗೆ ಹೊಟ್ಟೆಯಲ್ಲಿ ಏನೋ ತಿರುವಿದಂತಾಯಿತು. ‘ಬಸ್ಸಿನ ಕುಲುಕಾಟ’ ಎಂದುಕೊಂಡೆ.

ಬಸ್ಸಿನಲ್ಲಿ ವಾಂತಿ ಯಾಕೆ ಬರುತ್ತದೆ ಗೊತ್ತೆ, ಮಕ್ಕಳೇ? ನಮ್ಮ ಕಿವಿಯ ಒಳಗೆ ಮೂರು ಸಣ್ಣ ಅರ್ಧಚಂದ್ರದ ನಾಳಗಳಿವೆ. ಅವುಗಳೊಳಗಿನ ದ್ರವ ಅಲುಗಾಡಿದರೆ ‘ನಾವು ಚಲಿಸುತ್ತಿದ್ದೇವೆ’ ಎಂಬ ಸುದ್ದಿ ಮಿದುಳಿಗೆ ಹೋಗುತ್ತದೆ. ಕಣ್ಣು ಮಾತ್ರ ಮುಂದಿನ ಸೀಟನ್ನೋ ಮೊಬೈಲನ್ನೋ ನೋಡುತ್ತ ‘ಎಲ್ಲ ನಿಂತೇ ಇದೆ’ ಎನ್ನುತ್ತದೆ. ಕಿವಿ ಒಂದು ಹೇಳಿ ಕಣ್ಣು ಇನ್ನೊಂದು ಹೇಳಿದಾಗ ಮಿದುಳಿಗೆ ಗಲಿಬಿಲಿ, ಹೊಟ್ಟೆಗೆ ಸಂಕಟ. 2ರಿಂದ 12 ವರ್ಷದ ಮಕ್ಕಳಿಗೆ ಇದು ಹೆಚ್ಚು. ಮುಂದಿನ ಸೀಟಿನಲ್ಲಿ ಕೂತು ದೂರಕ್ಕೆ ನೋಡುವುದು, ಪುಸ್ತಕ ಮೊಬೈಲು ಮುಚ್ಚಿಡುವುದು, ಕಿಟಕಿಯ ಗಾಳಿ, ಹೊಟ್ಟೆಗೆ ಹಗುರ ಊಟ ಇದಕ್ಕೆ ಉಪಾಯ. ಇದರ ಒಂದು ಗುರುತು ನೆನಪಿಡಿ: ಬಸ್ಸು ನಿಂತು ಸ್ವಲ್ಪ ಹೊತ್ತಾದರೆ ಸಂಕಟ ತಗ್ಗುತ್ತದೆ.

ಯಲ್ಲಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ನನ್ನ ಸಂಕಟ ತಗ್ಗಲಿಲ್ಲ. ಹೊಟ್ಟೆ ಹಿಂಡುತ್ತಿತ್ತು. ಇಳಿದು ಹೋಗಿ ಬರಬಹುದಿತ್ತು. ‘ಮಲಗಿದ ಕೂಸನ್ನು ಬಿಟ್ಟು ಹೇಗೆ ಹೋಗಲಿ, ಬಸ್ಸು ಬಿಟ್ಟುಬಿಟ್ಟರೆ?’ ಎಂದು ಸುಮ್ಮನೆ ಕೂತೆ. ಅವಳನ್ನು ಎಬ್ಬಿಸಬಹುದಿತ್ತು. ಕಂಡಕ್ಟರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಅರಬೈಲು ಘಟ್ಟ

ಯಲ್ಲಾಪುರದಿಂದ ಮುಂದೆ ಅರಬೈಲು ಘಟ್ಟ. ದಟ್ಟ ಕಾಡು, ಒಂದರ ಬೆನ್ನಿಗೆ ಒಂದು ತಿರುವು, ಎದುರಿಂದ ಸಾಲು ಸಾಲು ಲಾರಿಗಳು. ಮೊದಲ ತಿರುವಿನಲ್ಲೇ ವಾಂತಿಯಾಯಿತು. ಪುಣ್ಯಕ್ಕೆ ಪ್ಲಾಸ್ಟಿಕ್ ಚೀಲ ಕೈಗೆ ಸಿಕ್ಕಿತು. ಮೊಮ್ಮಗಳು ಎದ್ದಳು.

‘ಆಯಿ, ಏನಾತು?’

‘ಏನಿಲ್ಲ, ಘಟ್ಟ ಐತಲ್ಲ. ನೀ ಮಲಕೋ.’

ಎರಡನೆಯ ಸಲ, ಮೂರನೆಯ ಸಲ. ಕೈಕಾಲು ತಣ್ಣಗಾದವು. ಆಮೇಲೆ ವಾಂತಿಗಿಂತ ದೊಡ್ಡ ಭಯ ಶುರುವಾಯಿತು. ಹೊಟ್ಟೆ ಕೆಳಗೆ ಜಾರುತ್ತಿದೆ. ಸುತ್ತ 40 ಜನ, ಬಹಳ ಮಂದಿ ಗಂಡಸರು. ಎದ್ದು ನಿಂತು ಏನೆಂದು ಹೇಳಲಿ? ‘ಸ್ವಲ್ಪ ಬಸ್ಸು ನಿಲ್ಲಿಸಿದರೆ ಅನುಕೂಲವಾಗುತ್ತಿತ್ತು’ ಎನ್ನಲೇ? ‘ಆರೋಗ್ಯ ಸರಿಯಿಲ್ಲ’ ಎನ್ನಲೇ? ಮಾತು ಜೋಡಿಸುತ್ತ, ಹಲ್ಲು ಕಚ್ಚಿ, ಸೆರಗು ಬಾಯಿಗೆ ಒತ್ತಿಕೊಂಡು ಕೂತೆ.

ಆಗ ನನಗೆ ಒಬ್ಬ ಹುಡುಗ ನೆನಪಾದ. ನಾನು ಕೆಲಸಕ್ಕೆ ಸೇರಿದ ಹೊಸತು, ಎರಡನೆಯ ತರಗತಿ. ಗಣಿತ ಹೇಳುತ್ತಿದ್ದಾಗ ಅವನು ಎರಡು ಬೆರಳು ಎತ್ತಿದ. ‘ಈಗ ಹೋಗಿ ಬಂದೀಯಲ್ಲ, ಕೂಡು’ ಎಂದೆ. ಮತ್ತೆ ಎತ್ತಿದ. ಮತ್ತೆ ಕೂರಿಸಿದೆ. ಮೂರನೆಯ ಸಲ ಅವನು ಬೆರಳು ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಇಡೀ ವರ್ಗ ಮೂಗು ಮುಚ್ಚಿಕೊಂಡಿತು. ಅವನು ತಲೆ ತಗ್ಗಿಸಿ ಕೂತಿದ್ದ. ಆ ತಲೆ ಈಗ ನನ್ನದಾಗಿತ್ತು.

ಮೊಮ್ಮಗಳು ನನ್ನ ಕೈ ಮುಟ್ಟಿ ನೋಡಿದಳು. ಏನು ತಿಳಿಯಿತೋ, ಕಂಬಿ ಹಿಡಿಯುತ್ತ, ತೂರಾಡುತ್ತ ಮುಂದಕ್ಕೆ ನಡೆದಳು. ಅವಳ ದನಿ ಇಡೀ ಬಸ್ಸಿಗೆ ಕೇಳಿತು.

‘ಅಂಕಲ್, ನಮ್ಮ ಆಯಿಗೆ ವಾಂತಿ ಆಗಾಕತ್ತೇತ್ರಿ. ಜುಲಾಬೂ ಬಂದೈತ್ರಿ. ಬಸ್ ನಿಲ್ಲಸ್ರಿ.’

ಮೂರೇ ಮಾತು. ಸಂಸ್ಕೃತವನ್ನೂ ಕನ್ನಡವನ್ನೂ ಕಲಸುವುದು ತುಪ್ಪ ಎಣ್ಣೆ ಬೆರೆಸಿದ ಹಾಗೆ ಎಂದು ನಕ್ಕವನು ನಮ್ಮೂರ ನಯಸೇನ. ಅವನ ಊರಿನ ಹುಡುಗಿಗೆ ತಿಳಿಗನ್ನಡ ಒಲಿದಿತ್ತು. ಅದನ್ನು 34 ವರ್ಷ ಕಲಿಸಿದವಳಿಗೆ ಆ ರಾತ್ರಿ ಒಂದು ಪದವೂ ಬರಲಿಲ್ಲ.

ಕಂಡಕ್ಟರ್ ಎದ್ದು ಬಂದರು. ‘ಹೆದರಬ್ಯಾಡ ತಂಗಿ. ತಿರುವಿನ್ಯಾಗ ನಿಲ್ಲಸಾಕ ಬರೂದಿಲ್ಲ, ಹಿಂದಿನಿಂದ ಲಾರಿ ಬಂದು ಬಡೀತಾವು. ಎರಡು ನಿಮಿಷ, ಅಗಲ ಜಾಗ ಬರತೈತಿ.’ ಯಾರೋ ಹಿಂದಿನಿಂದ ‘ಹಿಂಗಾದ್ರ ಮಂಗಳೂರು ಮುಟ್ಟಿದಂಗs’ ಎಂದು ಗೊಣಗಿದರು. ಇನ್ಯಾರೋ ‘ನಿಮ್ಮ ತಾಯಿಗೆ ಆದ್ರ ಹಿಂಗಂತೀರೇನ್ರಿ?’ ಎಂದರು. ಬಸ್ಸು ನಿಂತಿತು.

ಮುಂದಿನ ಸೀಟಿನಲ್ಲಿದ್ದ, ಕರಾವಳಿ ಕಡೆಯ ಒಬ್ಬ ಹೆಣ್ಣುಮಗಳು ನನ್ನ ತೋಳು ಹಿಡಿದು ಇಳಿಸಿದಳು. ಗುರುತಿಲ್ಲ, ಪರಿಚಯವಿಲ್ಲ. ನಮ್ಮ ತೆಳು ಚಾದರವನ್ನೇ ಬಿಚ್ಚಿ ಅಡ್ಡ ಹಿಡಿದಳು. ‘ನಾಚಿಕೆ ಮಾಡ್ಬೇಡಿ ಅಮ್ಮಾ. ಮೈಗೆ ಬಂದದ್ದು ಯಾರನ್ನು ಬಿಟ್ಟಿದೆ?’ ಮೊಮ್ಮಗಳು ಬ್ಯಾಟರಿಯನ್ನು ನೆಲಕ್ಕೆ ಹಿಡಿದು ಮುಖ ಆಚೆ ತಿರುಗಿಸಿ ನಿಂತಳು. ಸುತ್ತ ಜೀರುಂಡೆಗಳ ಸದ್ದು. ಆ ಚಾದರದ ಹಿಂದೆ ನಾನು ಅತ್ತೆ. ನೋವಿಗಲ್ಲ.

ಬಾಟಲಿಯ ಮುಚ್ಚಳ

ಮತ್ತೆ ಬಸ್ಸು ಹತ್ತಿದಾಗ ನನ್ನನ್ನು ಮುಂದಿನ ಸೀಟಿಗೆ ಕೂರಿಸಿದರು. ಮೊಮ್ಮಗಳು ನನ್ನ ತುಂಬಿದ ಬಾಟಲಿ ತೆಗೆದು ಓಆರ್‌ಎಸ್ ಪೊಟ್ಟಣದ ಮೇಲಿನ ಅಕ್ಷರ ಓದಿದಳು: ‘1 ಲೀಟರ್ ನೀರಿಗೆ’. ಇಡೀ ಪೊಟ್ಟಣ ಸುರಿದು ಕುಲುಕಿದಳು. ಚಮಚ ಇರಲಿಲ್ಲ. ಬಾಟಲಿಯ ಮುಚ್ಚಳದಲ್ಲೇ ಕುಡಿಸಿದಳು. ಒಂದು ಮುಚ್ಚಳ, ಎರಡು ಮೂರು ನಿಮಿಷ ಬಿಟ್ಟು ಇನ್ನೊಂದು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಮೊದಲಿನಿಂದ. ಶಾಲೆಯಲ್ಲಿ ಆರೋಗ್ಯ ಇಲಾಖೆಯವರು ಬಂದು ಹೇಳಿಕೊಟ್ಟಿದ್ದರಂತೆ. ‘ಒಮ್ಮೆಲೇ ಕುಡಿದ್ರ ಹೊಟ್ಟಿ ಒಗದುಬಿಡತೈತಿ ಆಯಿ’ ಎಂದಳು.

ಕಂಡಕ್ಟರ್ ಅಷ್ಟರಲ್ಲಿ ಮೊಬೈಲು ಹಿಡಿದು ಸಿಗ್ನಲ್ ಹುಡುಕುತ್ತಿದ್ದರು. ಘಟ್ಟ ಇಳಿದ ಮೇಲೆ 108ಕ್ಕೆ ಕರೆ ಸಿಕ್ಕಿತು. 2008ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಈ ಆಂಬುಲೆನ್ಸ್ ಸೇವೆಗೆ ದುಡ್ಡು ಕೊಡಬೇಕಿಲ್ಲ. ಅಂಕೋಲಾ ಬಸ್ ನಿಲ್ದಾಣಕ್ಕೆ ನಾವು ಮುಟ್ಟುವಷ್ಟರಲ್ಲಿ ಗಾಡಿ ಬಂದು ನಿಂತಿತ್ತು. ಮೊಮ್ಮಗಳು ಎರಡೂ ಚೀಲಗಳನ್ನು ಬೆನ್ನಿಗೊಂದು ಎದೆಗೊಂದು ಹಾಕಿಕೊಂಡು ನನ್ನ ಕೈ ಹಿಡಿದಳು. ಕೈ ಖಾಲಿ ಇರಬೇಕು ಎಂದು ಅವಳು ಯಾಕೆ ಹಟ ಹಿಡಿದಿದ್ದಳೋ ಆಗ ತಿಳಿಯಿತು. ಬಸ್ಸು ಮುಂದೆ ಹೋಯಿತು. ಚಾದರ ಹಿಡಿದವಳಿಗೆ ಹೆಸರು ಸಹ ಕೇಳಲಿಲ್ಲ ನಾನು.

ಆಸ್ಪತ್ರೆಯಲ್ಲಿ ಎಳೆಯ ವಯಸ್ಸಿನ ಡಾಕ್ಟರಮ್ಮ. ಬಿಪಿ ನೋಡಿದರು, ಬಹಳ ಇಳಿದಿತ್ತು. ನಾಲಗೆ ನೋಡಿದರು, ಒಣಗಿತ್ತು. ‘ಮೂತ್ರ ಯಾವಾಗ ಆಯ್ತು?’ ಲೆಕ್ಕ ಹಾಕಿದೆ, ಗದಗಿನಲ್ಲಿ. ಎಂಟು ತಾಸಿನ ಹಿಂದೆ. ‘ಯಾವ ಗುಳಿಗೆ ತಗೋತೀರಿ?’

‘ಬಿಳಿ ಗುಳಿಗಿರಿ, ಸಣ್ಣದು…’ ಎನ್ನುವಷ್ಟರಲ್ಲಿ ನೋಟುಪುಸ್ತಕ ಮುಂದೆ ಬಂತು.

ಡಾಕ್ಟರಮ್ಮ ಓದಿ ಹುಬ್ಬೇರಿಸಿದರು. ನನ್ನ ಬಿಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚು ಮಾಡಿ ಮೈಯ ನೀರು ಇಳಿಸುವ ಔಷಧಿಯೂ ಸೇರಿತ್ತು. ನೀರೇ ಇಲ್ಲದ ಮೈಗೆ ಮುಂಜಾನೆ ಅದನ್ನು ಹಾಕಿದ್ದರೆ ಬಿಪಿ ಮತ್ತಷ್ಟು ಕುಸಿಯುತ್ತಿತ್ತು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದಿತ್ತು ಎಂದರು. ‘ಇದನ್ನ ಇವತ್ತು ತಗೋಬೇಡಿ. ಮತ್ತೆ ಯಾವಾಗ ಶುರು ಅಂತ ನಾನೇ ಹೇಳ್ತೀನಿ.’ ಓದುವ ಹಿರಿಯರೇ, ನೀವಾಗಿಯೇ ಗುಳಿಗೆ ಬಿಡಬೇಡಿ, ಹಾಗೆಯೇ ವಾಂತಿ ಭೇದಿ ಆದಾಗ ಕೇಳದೆ ನುಂಗಲೂಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುವವರು ಅಂಥ ದಿನ ವೈದ್ಯರನ್ನು ಕೇಳಲೇಬೇಕು.

ಸಲೈನ್ ಏರಿಸಿದರು. ‘ಬಾಟಲಿ ಮುಚ್ಚಳದಲ್ಲಿ ಕುಡಿಸಿದ್ದು ಯಾರು?’ ಎಂದು ಕೇಳಿದರು. ಮೊಮ್ಮಗಳು ತಪ್ಪು ಮಾಡಿದವಳ ಹಾಗೆ ಕೈ ಎತ್ತಿದಳು. ‘ಅರ್ಧ ಕೆಲಸ ನೀನೇ ಮಾಡಿದ್ದಿ’ ಎಂದರು.

ಏನು ತಿಂದಿರಿ ಎಂದು ಕೇಳಿದಾಗ ಚಿತ್ರಾನ್ನದ ಕತೆ ಹೇಳಿದೆ. ಪರೀಕ್ಷೆ ಮಾಡದೆ ಇದೇ ಎನ್ನಲಾಗದು, ಆದರೂ ಅನುಮಾನ ಅನ್ನದ ಮೇಲೆಯೇ ಎಂದರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ, ಮುಚ್ಚಿಕೊಂಡು ಬಹಳ ಹೊತ್ತು ಇದ್ದರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ಆ ವಿಷ ರುಚಿಗೆ, ವಾಸನೆಗೆ ಸಿಗುವುದಿಲ್ಲ. ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದು 1ರಿಂದ 6 ತಾಸಿನೊಳಗೆ ವಾಂತಿ. ಕಟಕ ರೊಟ್ಟಿಯಲ್ಲಿ, ಚಟ್ನಿ ಪುಡಿಯಲ್ಲಿ ನೀರಿಲ್ಲ. ಅದಕ್ಕೇ ಅವು ದಿನಗಟ್ಟಲೆ ಕೆಡುವುದಿಲ್ಲ. ನಮ್ಮ ಅಜ್ಜಿಯರು ದೂರದ ದಾರಿಗೆ ಒಣ ಬುತ್ತಿ ಯಾಕೆ ಕಟ್ಟುತ್ತಿದ್ದರು ಎನ್ನುವುದು ನನಗೆ ಅಂಕೋಲೆಯ ಮಂಚದ ಮೇಲೆ ಅರ್ಥವಾಯಿತು.

ಉಪ್ಪು, ಸಕ್ಕರೆ, ನೀರು

ಆ ಮುಚ್ಚಳದ ನೀರಿಗೆ ಒಂದು ದೊಡ್ಡ ಕತೆ ಇದೆ. ಊರಿಗೆ ಬಂದ ಮೇಲೆ ಮೊಮ್ಮಗಳೂ ನಾನೂ ಕೂತು ಓದಿದೆವು.

1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಎಂಬ ಗಡಿಯ ಊರಿನ ಶಿಬಿರದಲ್ಲಿ ಕಾಲರಾ ಹರಡಿತು. ರೋಗಿಗಳು ಆಸ್ಪತ್ರೆಯ ನೆಲದ ಮೇಲೆಲ್ಲ ಮಲಗಿದ್ದರು, ಸಲೈನ್ ಬಾಟಲಿಗಳು ಸಾಲುತ್ತಿರಲಿಲ್ಲ. ಆಗ ಡಾ. ದಿಲೀಪ್ ಮಹಾಲನಬಿಸ್ ಎಂಬ ಬಂಗಾಳದ ವೈದ್ಯರು ಉಪ್ಪು, ಗ್ಲುಕೋಸ್, ಅಡುಗೆ ಸೋಡಾ ತೂಗಿ ಪೊಟ್ಟಣ ಕಟ್ಟಿಸಿ, ನೀರಿನಲ್ಲಿ ಕರಗಿಸಿ, ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿ ಎಂದರು. ಅಲ್ಲಿ ನೂರಕ್ಕೆ 30ರಷ್ಟು ಇದ್ದ ಸಾವು, ಹೀಗೆ ಕುಡಿದವರಲ್ಲಿ 4ಕ್ಕಿಂತ ಕಡಿಮೆಯಾಯಿತು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಸಕ್ಕರೆ ಯಾಕೆ ಬೇಕು? ಕರುಳಿನ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲಿದೆ ಎಂದುಕೊಳ್ಳಿ. ಉಪ್ಪಿನ ಸೋಡಿಯಂ ಮತ್ತು ಗ್ಲುಕೋಸ್ ಕೈ ಕೈ ಹಿಡಿದು ಬಂದರೆ ಮಾತ್ರ ಅದು ತೆರೆಯುತ್ತದೆ. ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಭೇದಿಯಾಗುವಾಗಲೂ ಈ ಬಾಗಿಲು ಕೆಲಸ ಮಾಡುತ್ತಿರುತ್ತದೆ. ಬರೀ ನೀರು ಕುಡಿದರೆ ಸಾಲದು ಎನ್ನುವುದು ಇದಕ್ಕೇ.

ಪೊಟ್ಟಣ ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚ ತಲೆ ಸಮ ಇರಬೇಕು, ಗುಡ್ಡೆಯಾಗಿ ತುಂಬಬಾರದು. ಉಪ್ಪು ಹೆಚ್ಚಾದರೆ ಕೇಡು. ಕಣ್ಣೀರಿಗಿಂತ ಉಪ್ಪಾಗಿರಬಾರದು ಎಂಬುದು ರುಚಿ ನೋಡುವ ಅಳತೆ. ಪೊಟ್ಟಣದಲ್ಲಿ 200 ಮಿಲಿಲೀಟರಿನ ಸಣ್ಣವೂ ಇವೆ, ಮೇಲಿನ ಅಕ್ಷರ ಓದಿಯೇ ಬೆರೆಸಿ. ಕಲಸಿದ್ದನ್ನು 24 ತಾಸಿನ ಮೇಲೆ ಇಡಬೇಡಿ. ಅಂಗಡಿಯ ಬಣ್ಣದ ಸಿಹಿ ಪೇಯಗಳು ಇದಕ್ಕೆ ಸಮವಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಅಂಥ ಪೇಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯಕೂಡದು ಎಂದು ಹೇಳಿದೆ.

ಮನೆಮದ್ದಿಗೂ ಒಂದು ಗೆರೆ ಇದೆ. ಆರೇಳು ತಾಸು ಮೂತ್ರವೇ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿಸಿದ್ದೆಲ್ಲ ವಾಂತಿಯಾಗುತ್ತಿದ್ದರೆ, ಜ್ವರ ಏರಿದರೆ, ಮಾತು ತೊದಲಿ ಮಂಪರು ಬಂದರೆ ತಡಮಾಡದೆ ಆಸ್ಪತ್ರೆ.

ಅಂಕೋಲೆಯ ದಂಡೆ

ರಾತ್ರಿ ಎರಡಕ್ಕೆ ಮೊಮ್ಮಗಳು ಅಪ್ಪನಿಗೆ ಫೋನ್ ಹಚ್ಚಿದ್ದಳು. ‘ನಡುರಾತ್ರಿ ಯಾಕ ಎಬ್ಬಸ್ತೀ, ಗಾಬರಿ ಆಗತಾನ’ ಎಂದು ನಾನು ತಡೆದೆ. ಆಗ ಅವಳು ನನ್ನ ಮುಖ ನೋಡಿ ಕೇಳಿದಳು:

‘ಆಯಿ, ನೀ ಯಾಕ ಹೇಳಲಿಲ್ಲ? ಯಲ್ಲಾಪುರದಾಗs ಹೇಳಿದ್ರ? ನಿನಗ ಏನರ ಆಗಿದ್ರ ನಾ ಏನ ಮಾಡಬೇಕಿತ್ತು?’

ಬಸ್ಸಿನಲ್ಲಿ ಅಳದವಳು ಆಗ ಅತ್ತಳು. ಅಲ್ಲಿಯವರೆಗೆ ನಾನು ನನ್ನ ಮರ್ಯಾದೆಯ ಬಗ್ಗೆ ಮಾತ್ರ ಯೋಚಿಸಿದ್ದೆ. ಗೊತ್ತಿಲ್ಲದ ಊರಿನಲ್ಲಿ, ನಡುರಾತ್ರಿ, ಒಬ್ಬಳೇ ಆಗಿಬಿಡಬಹುದಾಗಿದ್ದ 12 ವರ್ಷದ ಹುಡುಗಿಯ ಬಗ್ಗೆ ಯೋಚಿಸಿರಲಿಲ್ಲ. ಹಿರಿಯರು ನೋವು ಮುಚ್ಚಿಟ್ಟರೆ ಮಕ್ಕಳಿಗೆ ಭಾರ ಕಡಿಮೆಯಾಗುತ್ತದೆ ಎಂದು ತಿಳಿದಿದ್ದೆ. ಆಗುವುದು ಉಲ್ಟಾ.

ಮಗ ಬೆಳಿಗ್ಗೆ ಬಂದ. ಮಧ್ಯಾಹ್ನದ ಹೊತ್ತಿಗೆ ಗಂಜಿ ಕುಡಿದೆ, ಸಂಜೆ ಮನೆಗೆ ಕಳಿಸಿದರು. ಊರಿಗೆ ಹೊರಡುವ ಮುಂಚೆ ಆಟೋ ಮಾಡಿಕೊಂಡು ಸಮುದ್ರದ ದಂಡೆಗೆ ಹೋದೆವು. ಮಂಗಳೂರಿನ ಸಮುದ್ರವಲ್ಲದಿದ್ದರೇನು, ಸಮುದ್ರ ಸಮುದ್ರವೇ. ಮೊಮ್ಮಗಳು ಮೊಣಕಾಲ ಮಟ ನೀರಿಗಿಳಿದು, ಬೊಗಸೆ ತುಂಬಿ ನಾಲಗೆಗೆ ಹಚ್ಚಿ ‘ಥೂ, ಉಪ್ಪು!’ ಎಂದು ಕೂಗಿದಳು.

ಉಪ್ಪೆಂದರೆ ಅಂಕೋಲಾ. 1930ರ ಏಪ್ರಿಲ್ ತಿಂಗಳಲ್ಲಿ ಈ ಊರಿನ ಜನ ಉಪ್ಪು ತಯಾರಿಸಿ ಬ್ರಿಟಿಷರ ಕಾನೂನು ಮುರಿದಿದ್ದರು. ‘ಕರ್ನಾಟಕದ ಬಾರ್ಡೋಲಿ’ ಎಂದು ಈ ತಾಲ್ಲೂಕಿಗೆ ಹೆಸರು ಬಂದದ್ದು ಆ ಹೋರಾಟಗಳಿಂದಲೇ. ಇಷ್ಟು ವರ್ಷ ಪಾಠದಲ್ಲಿ ಹೇಳಿದ್ದೆ. ಅರ್ಧ ಚಮಚ ಉಪ್ಪಿನ ಬೆಲೆ ಏನೆಂದು ಈಗ ಮೈಗೇ ತಿಳಿದಿತ್ತು.

ನಮ್ಮ ಪಟ್ಟಿ, ಈಗ

‘ಪ್ರವಾಸ’ ನೋಟುಪುಸ್ತಕಕ್ಕೆ ಹೊಸ ಪುಟ ಬಂದಿದೆ:

1. ದೂರದ ದಾರಿಗೆ ಒಣ ಬುತ್ತಿ ಮಾತ್ರ. ಅನ್ನ ಬೇಡ.
2. ನೀರು ಕುಡಿಯಬೇಕು. ಬಸ್ಸು ನಿಂತ ಕಡೆಯೆಲ್ಲ ಇಳಿದು ಹೋಗಿ ಬರಬೇಕು. ಇಳಿಯುವಾಗ ಕಂಡಕ್ಟರಿಗೆ ಹೇಳಬೇಕು.
3. ಕುಳಿತುಕೊಳ್ಳಲು ಮುಂದಿನ ಸೀಟು, ಕಿಟಕಿ ಪಕ್ಕ.
4. ಓಆರ್‌ಎಸ್, ಬ್ಯಾಟರಿ, ಚಾದರ, ಸೋಪು, ನಾಲ್ಕು ಪ್ಲಾಸ್ಟಿಕ್ ಚೀಲ, ಒಂದು ಜೊತೆ ಬಟ್ಟೆ ಕೈಗೆ ಸಿಗುವ ಹಾಗೆ ಮೇಲೆ.
5. ಗುಳಿಗೆಗಳ ಹೆಸರು, ಮನೆಯ ಫೋನ್ ನಂಬರು ಎರಡು ಚೀಲದಲ್ಲೂ.
6. ಆಯಿ ಬೆರಳು ಎತ್ತಬೇಕು.

ಆರನೆಯದನ್ನು ಅವಳು ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ.

ಒಂದು ಕೆಲಸ ನನಗೆ ಉಳಿದಿತ್ತು. ಅಂದು ತಲೆ ತಗ್ಗಿಸಿ ಕೂತಿದ್ದ ಹುಡುಗ ಈಗ ನಮ್ಮೂರಿನಲ್ಲೇ ಅಂಗಡಿ ಇಟ್ಟಿದ್ದಾನೆ. ಅವನ ಮಕ್ಕಳೂ ನನ್ನ ಕೈಯಲ್ಲಿ ಕಲಿತವರು. ಒಂದು ಸಂಜೆ ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ, ‘ಎರಡನೇತ್ತದಾಗ ನಿನ್ನ ಕೂರಿಸಿದ್ದೆ, ನೆನಪೈತೇನಪಾ? ತಪ್ಪಾತು’ ಎಂದೆ. ಅವನು ನಕ್ಕು ‘ಅದ್ಯಾವ ಕಾಲದ್ದು ಬಿಡ್ರಿ ಅಕ್ಕೋರ’ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ. ತಕ್ಕಡಿ ಒರೆಸುತ್ತ, ‘ನೆನಪೈತ್ರಿ’ ಎಂದ. ಆಮೇಲೆ ಒಳಗಿನಿಂದ ಕುರ್ಚಿ ತಂದು ಹಾಕಿ, ‘ಕೂಡ್ರಿ, ಚಾ ತರಸ್ತೇನಿ’ ಎಂದ. ನಾನು ಕೂತೆ.

ದಸರೆ ರಜೆಗೆ ಮತ್ತೆ ಮಂಗಳೂರಿಗೆ ಹೊರಡುವುದೆಂದು ಮಾತಾಗಿದೆ. ರಾತ್ರಿ ಬಸ್ಸಿಗೇ. ಚೀಲ ಗೂಟಕ್ಕೆ ತೂಗಿದೆ.